ಎಚ್‌ಎಂಟಿ ಕೀ ವಾಚು: 1,600ರ ಹೊಳೆಯುವ ಪೈಲಟ್ಟೋ, 2,400ರ ಮಾಸಿದ ಜನತಾನೋ?

ಕೀವಾಚು_ಮಂಜು ಕೇಳಿದ್ದು:

ದಿನಾ ಕೈಗೆ ಕಟ್ಟೋಕೆ ಕೀ ಕೊಡುವ ಎಚ್‌ಎಂಟಿ ಒಂದು ಬೇಕು. ಸರ್ವಿಸು, ಬೆಲ್ಟು ಎಲ್ಲ ಸೇರಿ 4,000 ರೂಪಾಯಿ ದಾಟಬಾರದು. ಸದ್ಯಕ್ಕೆ ಎರಡು ಕಣ್ಣಿಗೆ ಬಿದ್ದಿವೆ.

ಒಂದು ಪೈಲಟ್, ಆನ್‌ಲೈನಲ್ಲಿ 1,600. ಕಪ್ಪು ಡಯಲ್ ಕನ್ನಡಿ ಥರ ಹೊಳೀತಿದೆ, ಕೇಸೂ ಹೊಚ್ಚ ಹೊಸದರ ಹಾಗಿದೆ. ‘ವಿಂಟೇಜ್, ಫುಲ್ ರಿಸ್ಟೋರ್ಡ್, 1970ರ ದಶಕದ್ದು’ ಅಂತ ಹಾಕಿದ್ದಾರೆ. ಅದೇ ಅಂಗಡಿಯಲ್ಲಿ ಇದೇ ಪೈಲಟ್ ನೀಲಿ, ಕಿತ್ತಳೆ, ಹಸಿರು ಬಣ್ಣದಲ್ಲೂ ಇದೆ. ಫೋಟೋ ದೊಡ್ಡದು ಮಾಡಿ ನೋಡಿದರೆ ನಿಮಿಷದ ಮುಳ್ಳು ಅಂಚಿನ ಗೆರೆಗಳನ್ನು ಮುಟ್ಟಲ್ಲ, ಸ್ವಲ್ಪ ಗಿಡ್ಡ.

ಇನ್ನೊಂದು ಜನತಾ, ಊರಲ್ಲೇ ಒಬ್ಬ ವಾಚ್ ರಿಪೇರಿಯವರ ಹತ್ತಿರ, 2,400. ಬಿಳಿ ಡಯಲ್ಲಿನ ಅಂಚು ಹಳದಿಗೆ ತಿರುಗಿದೆ, 4ರ ಪಕ್ಕ ಎರಡು ಚುಕ್ಕೆ. ಗ್ಲಾಸಿನ ತುಂಬ ಗೀರು. ಬೆಲ್ಟು ಸಿಕ್ಕಿಸುವ ಲಗ್‌ಗಳಲ್ಲಿ ಲೇಪ ಹೋಗಿ ಹಿತ್ತಾಳೆ ಇಣುಕ್ತಿದೆ. ಓಡುತ್ತೆ, ಆದರೆ ದಿನಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಹಿಂದೆ ಬೀಳುತ್ತಂತೆ.

ಹೊಸದರ ಹಾಗಿರೋದು ಅಗ್ಗ, ಮಾಸಿದ್ದು ದುಬಾರಿ. ಇದ್ಯಾವ ಲೆಕ್ಕ? ಯಾವುದನ್ನು ತಗೊಳ್ಳಲಿ, ತಗೊಳ್ಳೋ ಮುಂಚೆ ಏನೇನು ನೋಡಲಿ?

ಹತ್ತುಪಟ್ಟು_ಲೂಪ್:

ಜನತಾ ತಗೊಳ್ಳಿ. ಪೈಲಟ್ ರೀಡಯಲ್ ಮಾಡಿದ್ದು, ಅಂದ್ರೆ ಡಯಲ್ಲಿಗೆ ಹೊಸದಾಗಿ ಬಣ್ಣ, ಅಚ್ಚು ಹಾಕಿದ್ದು. ಒಂದೇ ಮಾದರಿ ನಾಲ್ಕು ಬಣ್ಣದಲ್ಲಿ, ಗಿಡ್ಡ ಮುಳ್ಳು, ಕನ್ನಡಿಯಂಥ ಕೇಸು. ಗುರುತುಗಳನ್ನೆಲ್ಲ ನೀವೇ ಬರೆದುಬಿಟ್ಟಿದ್ದೀರಿ.

ಲೆಕ್ಕ ಯಾಕೆ ಹಾಗಿದೆ ಅಂದ್ರೆ: ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ. ಜನತಾ, ಪೈಲಟ್ ಥರದ ಕೀ ವಾಚುಗಳ ಹೊಟ್ಟೆಯಲ್ಲಿರೋದು ಸಿಟಿಜನ್ ವಿನ್ಯಾಸದಿಂದಲೇ ಬಂದ 17 ಜ್ಯೂಯೆಲ್ ಮಷೀನ್, ಅಂದ್ರೆ ಸವೆತ ತಡೆಯೋ 17 ಸಣ್ಣ ಕಲ್ಲು ಇರೋದು. ಗಟ್ಟಿ ಮಷೀನು, ಅಪಾರ ಸಂಖ್ಯೆಯಲ್ಲಿ ತಯಾರಾಯ್ತು, ಗುಜರಿಯಲ್ಲೂ ಸಿಗುತ್ತೆ. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಟ್ಟ ಮೇಲಂತೂ ಹಳೇ ಎಚ್‌ಎಂಟಿಗೆ ಗಿರಾಕಿ ಜಾಸ್ತಿ. ಹಾಗಾಗಿ ಗುಜರಿಯ ಮಷೀನಿಗೆ ಸಿಕ್ಕಿದ ಕೇಸು ಹಾಕಿ, ಮೇಲೆ ಹೊಸದಾಗಿ ಅಚ್ಚು ಹಾಕಿಸಿದ ಡಯಲ್ ಕೂರಿಸಿ ಮಾರ್ತಾರೆ. ಸಂಗ್ರಾಹಕರು ಇದಕ್ಕೆ ‘ಬಾಂಬೆ ಸ್ಪೆಷಲ್’ ಅಂತಾರೆ. ಮಷೀನು ಹಾಳಾದರೆ ಇನ್ನೊಂದು ಹಾಕಬಹುದು. ಅಸಲಿ ಡಯಲ್ ಒಮ್ಮೆ ಕೆರೆದು ಹೋಯ್ತು ಅಂದ್ರೆ ಹೋಯ್ತು. 2,400 ಕೇಳ್ತಿರೋದು ಆ ಹಳದಿ ಅಂಚಿನ ಡಯಲ್ಲಿಗೆ.

ಡಯಲ್ ನೋಡೋ ಕ್ರಮ ಹೇಳ್ತೀನಿ. ಹತ್ತು ಪಟ್ಟಿನ ಲೂಪ್ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ಇದ್ದರೆ ಸರಿ, ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಜೂಮ್ ಮಾಡಿ ಹಗಲು ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಮೊದಲು 12ರ ಜಾಗ. ಗಂಟೆಯ ಗುರುತಿನ ನಟ್ಟನಡುವೆ ಅಂಚಿನ ನಿಮಿಷದ ಗೆರೆ ಬರಬೇಕು. 3, 6, 9ರಲ್ಲೂ ಹಾಗೇ. ರೀಡಯಲ್‌ನಲ್ಲಿ ಅಚ್ಚು ಅರ್ಧ ಗೆರೆ ಜರುಗಿರುತ್ತೆ, 12ರಲ್ಲಿ ಸರಿ ಕಂಡರೂ 7-8ರ ಹತ್ತಿರ ಸಿಕ್ಕಿಬೀಳುತ್ತೆ. ಆಮೇಲೆ ಅಕ್ಷರ. ‘ಜ್ಯೂಯೆಲ್ಸ್’, ‘ಪ್ಯಾರಾಶಾಕ್’ ಅಂತ ಇಂಗ್ಲಿಷಿನಲ್ಲಿರೋ ಸಣ್ಣಕ್ಷರಗಳ ಹೊಟ್ಟೆ ತೆರೆದಿರಬೇಕು, ಅಂಚು ಚೂಪಾಗಿರಬೇಕು. ಮಸಿ ತುಂಬಿ ಹೊಟ್ಟೆ ಮುಚ್ಚಿದ್ದರೆ, ಸಾಲು ಡೊಂಕಾಗಿದ್ದರೆ ಹೊಸ ಅಚ್ಚು. ಗಂಟೆ ಗುರುತುಗಳು ಲೋಹದ ಪಟ್ಟಿಗಳಾಗಿದ್ದರೆ ಅವುಗಳ ಬುಡ ನೋಡಿ. ಪಟ್ಟಿ ಕೀಳದೆ ಬಣ್ಣ ಹೊಡೆದಿದ್ದರೆ ಬುಡದಲ್ಲಿ ಬಣ್ಣ ಗುಡ್ಡೆ ಕಟ್ಟಿರುತ್ತೆ. ಮುಳ್ಳು ಹಾಯುವ ನಡುವಿನ ತೂತಿನ ಅಂಚು ಚೂರುಚೂರಾಗಿದ್ದರೂ ಅನುಮಾನ ಪಡಿ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ: 9ರಿಂದ 3ಕ್ಕೆ ಮನಸ್ಸಲ್ಲೇ ಒಂದು ಗೆರೆ ಎಳೀರಿ, ಅದು ಕ್ರೌನಿನ (ಕೀ ಕೊಡೋ ಗುಂಡಿಯ) ಮಧ್ಯೆ ಹೋಗಬೇಕು. ಡಯಲ್ ಹಿಂಬದಿಯಲ್ಲಿ ಎರಡು ಸಣ್ಣ ಕಾಲು ಇರುತ್ತವೆ, ಅವು ಮಷೀನಿನ ತೂತಿಗೆ ಕೂರುತ್ತವೆ. ಬೇರೆ ವಾಚಿನ ಡಯಲ್ ತಂದಾಗ ಕಾಲು ಕತ್ತರಿಸಿ ಅಂಟು ಹಾಕಿ ಕೂರಿಸ್ತಾರೆ. ಆಗ ಇಡೀ ಮುಖ ಒಂದೆರಡು ಡಿಗ್ರಿ ತಿರುಗಿರುತ್ತೆ. ಅಂಟು ಬಿಟ್ಟ ದಿನ ಡಯಲ್ ಜರುಗಿ ಮುಳ್ಳಿಗೆ ತಾಗಿ ವಾಚು ನಿಲ್ಲುತ್ತೆ.

ಮುಳ್ಳುಗಳದ್ದೂ ಒಂದು ಲೆಕ್ಕ. ನಿಮಿಷದ ಮುಳ್ಳು ನಿಮಿಷದ ಗೆರೆವರೆಗೆ, ಗಂಟೆ ಮುಳ್ಳು ಗಂಟೆ ಗುರುತಿನ ಒಳತುದಿವರೆಗೆ ತಲುಪಬೇಕು. ಕತ್ತಲಲ್ಲಿ ಹೊಳೆಯುವ ಬಣ್ಣ ಇದ್ದರೆ ಡಯಲ್ಲಿನದೂ ಮುಳ್ಳಿನದೂ ಒಂದೇ ಥರ ಕಂದಿರಬೇಕು. ಡಯಲ್ ಮೇಲೆ ಕೆನೆಬಣ್ಣ, ಮುಳ್ಳಲ್ಲಿ ತಿಳಿಹಸಿರು ಅಂದ್ರೆ ಮುಳ್ಳು ಬದಲಾಗಿದೆ. ಬರೀ ಮುಳ್ಳು ಬದಲಾಗಿದ್ದರೆ ತಲೆಕೆಡಿಸ್ಕೋಬೇಡಿ, ಬೆಲೆಯಲ್ಲಿ ಚೌಕಾಸಿ ಮಾಡಿ.

ಬೆಂಗಳೂರಲ್ಲಿದ್ದರೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಅಸಲಿ ಡಯಲ್‌ಗಳನ್ನು ಸಾಲಾಗಿ ನೋಡಿದ ಕಣ್ಣಿಗೆ ಕಿತ್ತಳೆ ಪೈಲಟ್ ತಾನೇ ಚುಚ್ಚುತ್ತೆ.

ಪೇಢಾ_ಪ್ಯಾಲೆಟ್:

ಡಯಲ್ಲಿನ ಮಾತು ಮುಗೀತು, ಮಷೀನಿಂದು ನಾ ಹೇಳ್ತೀನ್ರಿ. ‘ಒಂದು ನಿಮಿಷ ಹಿಂದ ಬೀಳ್ತದ’ ಅಂತ ಬಾಯಿಲೆ ಹೇಳಿದ್ದು ನಂಬಬ್ಯಾಡ್ರಿ. ಟೈಮ್‌ಗ್ರಾಫರ್ ಆ್ಯಪ್ ಫೋನಿಗೆ ಹಾಕ್ಕೋರಿ, ಅದು ಟಿಕ್ ಸದ್ದು ಕೇಳಿ ವಾಚಿನ ಓಟ ಅಳೀತದ. ಇಯರ್‌ಫೋನಿನ ಮೈಕು ವಾಚಿನ ಬೆನ್ನಿಗೆ ಒತ್ತಿ ಹಿಡೀರಿ, ಫ್ಯಾನ್ ಬಂದ್ ಮಾಡ್ರಿ.

ಅಳೆಯೋಕಿಂತ ಮೊದಲ ಪೂರ್ತಿ ಕೀ ಕೊಡ್ರಿ, ಹತ್ತು ನಿಮಿಷ ಬಿಡ್ರಿ. ಆ್ಯಪಿನ್ಯಾಗ ಬೀಟ್ (ತಾಸಿಗೆ ಎಷ್ಟು ಟಿಕ್) 18,000 ಅಂತ ನೀವಾ ಕೂಡಿಸ್ರಿ. ಈ ಮಷೀನು ಸೆಕೆಂಡಿಗೆ ಐದು ಸಲ ಟಿಕ್ ಅಂತದ. ಆ್ಯಪ್ ತಾನಾ ಹುಡುಕಲಿ ಅಂತ ಬಿಟ್ರ ಒಮ್ಮೊಮ್ಮೆ 21,600 ಅಂತ ತಿಳ್ಕೊಂಡು ಹುಚ್ಚುಚ್ಚು ಅಂಕಿ ಕೊಡ್ತದ. ಲಿಫ್ಟ್ ಆ್ಯಂಗಲ್ ಅನ್ನೋ ಸೆಟ್ಟಿಂಗ್ 52 ಇದ್ದದ್ದು ಹಂಗ ಇರ್ಲಿ. ಅದು ತಪ್ಪಿದ್ರ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಅನ್ನೋ ತೂಗಾಡೋ ಗಾಲಿ ಎಷ್ಟು ಡಿಗ್ರಿ ತಿರಗತದ ಅನ್ನೋ ಅಂಕಿ) ಅಷ್ಟ ವ್ಯತ್ಯಾಸ ಆಗ್ತದ, ಹಿಂದ-ಮುಂದ ಓಡೋ ಲೆಕ್ಕ ಕೆಡೂದಿಲ್ಲ.

ಡಯಲ್ ಮ್ಯಾಲ ಮಾಡಿ ಇಟ್ಟು ಒಂದ್ಸಲ, ಕ್ರೌನ್ ಕೆಳಗ ಮಾಡಿ ನಿಲ್ಲಿಸಿ ಇನ್ನೊಂದ್ಸಲ ನೋಡ್ರಿ. ಸರ್ವಿಸ್ ಆಗದ ಹಳೇ ವಾಚಿಗೆ ದಿನಕ್ಕ 30 ಸೆಕೆಂಡು ಆಚೆ-ಈಚೆ ಆದ್ರ ಚಿಂತಿಲ್ಲ. ಆಂಪ್ಲಿಟ್ಯೂಡ್ 220 ಮ್ಯಾಲ ಇದ್ರ ಮಷೀನು ಸ್ವಚ್ಛ ಅದ, 180ರ ಕೆಳಗ ಇಳಿದ್ರ ಎಣ್ಣಿ ಒಣಗ್ಯದ. ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ನಡುವಿನ ಅಂತರದ ಹೆಚ್ಚು-ಕಡಿಮಿ) 1 ಮಿಲಿಸೆಕೆಂಡ್ ಒಳಗ ಇದ್ರ ಚೊಲೊ. ಇನ್ನ ವಾಚು ದಿನಕ್ಕ ಹತ್ತು-ಇಪ್ಪತ್ತು ನಿಮಿಷ ಮುಂದ ಓಡಲಿಕತ್ತಿದ್ರ ಅದು ಬ್ಯಾರೆ ರೋಗ. ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸ್ ಗಾಲಿ ತೂಗಿಸೋ ಕೂದಲೆಳಿಯಂಥ ಸ್ಪ್ರಿಂಗಿನ) ಸುರುಳಿ ಒಂದಕ್ಕೊಂದು ಅಂಟ್ಯಾವ, ಯಾಕಂದ್ರ ಎಣ್ಣಿ ತಾಗ್ಯದ ಇಲ್ಲಾ ಅಯಸ್ಕಾಂತ ಹಿಡದದ. ದಿಕ್ಸೂಚಿ ಮ್ಯಾಲ ವಾಚು ಹಿಡೀರಿ. ಸೂಜಿ ಕುಣದ್ರ ಅಯಸ್ಕಾಂತ ಹಿಡದದ ಅಂತ ತಿಳೀರಿ. ಅಯಸ್ಕಾಂತ ಬಿಡಿಸೋ ಡೀಮ್ಯಾಗ್ನೆಟೈಸರ್ ಸಣ್ಣ ಡಬ್ಬಿ ಅಗ್ಗಕ್ಕ ಸಿಗ್ತದ. ಬಟನ್ ಒತ್ತಿ ಹಿಡಕೊಂಡು ವಾಚು ಮ್ಯಾಲ ಹಾಯಿಸಿ, ಮೊಳದುದ್ದ ದೂರ ಒಯ್ದ ಮ್ಯಾಲ ಬಟನ್ ಬಿಡ್ರಿ. ಡಬ್ಬಿ ಮ್ಯಾಲ ಇದ್ದಾಗನ ಬಿಟ್ರ ಮತ್ತ ಹಿಡೀತದ.

ಕೀ ಕೊಡುವಾಗ ಬೆರಳಿಗೂ ಭಾಳ ತಿಳೀತದ್ರಿ. ಒಂದಾ ಸಮನ ಕರ್‌ಕರ್ ಬಂದು ಕಡೀಗೆ ಗಟ್ಟಿ ನಿಲ್ಲಬೇಕು. ನಡುವ ಜಾರಿದ್ರ ಹಲ್ಲು ಸವದಾವ. ಮರಳು ಅರದಂಗ ಆದ್ರ ಕೀ ಕಡ್ಡಿಯಿಂದ ನೀರು ಒಳಗ ಹೋಗಿ ಜಂಗು ಹಿಡದದ. ‘ಕೀ ಜಾಸ್ತಿ ಕೊಟ್ಟು ಕೆಟ್ಟದ’ ಅಂತ ಯಾರಾದ್ರೂ ಅಂದ್ರ ಕೇಳಬ್ಯಾಡ್ರಿ. ಪೂರ್ತಿ ಕೀ ಇದ್ದೂ ವಾಚು ಓಡವಲ್ದು ಅಂದ್ರ ಹೊಲಸು ಕೂತದ, ಅಷ್ಟ.

ಗುಜರಿ_ಗಿರಾಕಿ:

ರೀಡಯಲ್ ಅಂದ ತಕ್ಷಣ ಎಲ್ಲರೂ ಮೂಗು ಮುರೀತಾರೆ, ನನಗೇನೋ ಅದು ಪೂರ್ತಿ ಒಪ್ಪಿಗೆಯಿಲ್ಲ. ನೋಡೋಕೆ ಚೆಂದ, ಮಳೆಯಲ್ಲಿ ನೆಂದರೂ ಹೊಟ್ಟೆ ಉರಿಯಲ್ಲ, ಬಿದ್ದರೂ ಅಳೋ ಹಾಗಿಲ್ಲ. ತಪ್ಪಿರೋದು ಬೆಲೆಯಲ್ಲಿ, ‘1970ರ ದಶಕದ್ದು’ ಅನ್ನೋ ಮಾತಲ್ಲಿ. ಓಡುವ ಮಷೀನು, ಅಗ್ಗದ ಡಯಲ್, ಕೂಲಿ ಎಲ್ಲ ಸೇರಿಸಿದರೂ ಅದಕ್ಕೆ 700-800ರ ಮೇಲೆ ನಾನು ಕೊಡಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಸಂತೆಯಲ್ಲಿ ಕೇಳಿ ನೋಡಿ, ಬೆಳಿಗ್ಗೆ ಬೇಗ. ಆದರೆ ಅಲ್ಲಿ ಬೆನ್ನು ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ, ಒಳಗೆ ಕ್ವಾರ್ಟ್ಜ್ ಮಷೀನು ಇದ್ದರೂ ಆಶ್ಚರ್ಯ ಇಲ್ಲ. ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಜಿಗಿದರೆ ಸೆಲ್ ಇದೆ. ಕೀ ವಾಚಿನದು ಸಣ್ಣ ಸಣ್ಣ ಹೆಜ್ಜೆಯಲ್ಲಿ ಜಾರುತ್ತೆ.

ಆನ್‌ಲೈನಲ್ಲೇ ತಗೊಳ್ಳೋದಾದರೆ ಮಾರುವವರನ್ನು ಇಷ್ಟು ಕೇಳಿ:
1. ಬೆನ್ನು ತೆಗೆದ ಮಷೀನಿನ ಫೋಟೋ, ಬೆನ್ನಿನ ಒಳಮೈ ಫೋಟೋ ಕೂಡ.
2. ಲಗ್‌ಗಳ ಕೆಳಭಾಗ. ಬೆವರು ತಿಂದ ಗುಳಿ ಅಲ್ಲೇ ಕಾಣೋದು.
3. ಹಗಲು ಬೆಳಕಲ್ಲಿ ನೇರ ಮೇಲಿಂದ ತೆಗೆದ ಡಯಲ್.
4. ಕೀ ಕೊಟ್ಟು, ಕ್ರೌನ್ ಎಳೆದು, ಮುಳ್ಳು ಒಂದು ಪೂರ್ತಿ ಸುತ್ತು ತಿರುಗಿಸುವ ವಿಡಿಯೋ, ಶಬ್ದದ ಜೊತೆ.

ನಾಲ್ಕನೆಯದಕ್ಕೆ ನೆಪ ಹೇಳಿದರೆ ಮುಂದಕ್ಕೆ ಹೋಗಿ. ಪಾರ್ಸೆಲ್ ಬಂದಾಗ ಟೇಪು ಕತ್ತರಿಸೋಕೆ ಮುಂಚೆಯೇ ರೆಕಾರ್ಡಿಂಗ್ ಶುರು ಮಾಡಿ, ನಡುವೆ ನಿಲ್ಲಿಸಬೇಡಿ.

ಸೆಲ್_ಬದಲಿ:

ಬರೀ ಹಳೇ ಕಾಲದ ನೋಟ ಸಾಕು, ಕೀ ಕೊಡೋ ಗೋಜು ಬೇಡ ಅನ್ನಿಸಿದರೆ ಈ ಜಂಜಾಟವೇ ಬೇಡ. ಕ್ಯಾಸಿಯೊ ಎಫ್-91ಡಬ್ಲ್ಯೂ ಅನ್ನೋ ಸೆಲ್ಲಿನ ಡಿಜಿಟಲ್ ವಾಚು 1989ರಿಂದ ಬರ್ತಿದೆ. 21 ಗ್ರಾಂ ತೂಕ, ಸಿಆರ್2016 ಸೆಲ್ಲು ಏಳು ವರ್ಷ ಬರುತ್ತೆ ಅಂತ ಕಂಪನಿ ಲೆಕ್ಕ, ತಿಂಗಳಿಗೆ 30 ಸೆಕೆಂಡ್ ಆಚೆ-ಈಚೆ. ಬಲಗಡೆಯ ಗುಂಡಿ ಮೂರು ಸೆಕೆಂಡ್ ಒತ್ತಿ ಹಿಡಿದರೆ ಪರದೆ ಮೇಲೆ ಕಂಪನಿ ಹೆಸರು ಬರುತ್ತೆ. ಇದನ್ನು ಅಸಲಿ ಪರೀಕ್ಷೆ ಅಂತ ಎಲ್ಲರೂ ಹೇಳ್ತಾರೆ, ಆದರೆ ಈಗ ನಕಲಿಗಳೂ ಹೆಸರು ತೋರಿಸ್ತಾವೆ. ಹೆಸರು ಬರಲಿಲ್ಲ ಅಂದ್ರೆ ನಕಲಿ. ಬಂತು ಅಂದ್ರೆ ಅಸಲಿ ಅಂತ ಅಲ್ಲ. ಬೆನ್ನಿನ ಮೇಲಿನ 593 ಅನ್ನೋ ಮಾಡ್ಯೂಲ್ ಸಂಖ್ಯೆ, ಅಕ್ಷರದ ಚೂಪು ಎರಡನ್ನೂ ನೋಡಿ.

ಕೀವಾಚು_ಮಂಜು:

ಎಲ್ಲರಿಗೂ ಥ್ಯಾಂಕ್ಸ್. ಪೈಲಟ್ ಕೈಬಿಟ್ಟೆ. ಕ್ಯಾಸಿಯೊ ಬೇಡ, ಕೀ ಕೊಡೋದೇ ಬೇಕಿರೋದು.

ಜನತಾ ಬಿಚ್ಚಿಸಿ ನೋಡಿದ್ದಾಯ್ತು. 12, 3, 6, 9ರ ಗೆರೆ ಎಲ್ಲ ಸರಿ ಕೂತಿವೆ, 9-3ರ ಗೆರೆ ಕ್ರೌನಿನ ಮಧ್ಯಕ್ಕೇ ಹೋಗುತ್ತೆ. ಸಣ್ಣಕ್ಷರ ಚೂಪಾಗಿವೆ. ಮಷೀನಲ್ಲಿ ಜಂಗು ಕಾಣಲಿಲ್ಲ, ಬೆನ್ನಿನ ಒಳಗೆ ಹಳೇ ರಿಪೇರಿಯವರು ಗೀಚಿದ ಎರಡು ತಾರೀಖು ಇವೆ. ಆ್ಯಪಲ್ಲಿ 18,000 ಇಟ್ಟು ನೋಡಿದ್ದು: ಡಯಲ್ ಮೇಲೆ ಇದ್ದಾಗ ದಿನಕ್ಕೆ 70 ಸೆಕೆಂಡ್ ಹಿಂದೆ, ಆಂಪ್ಲಿಟ್ಯೂಡ್ 190, ಬೀಟ್ ಎರರ್ 2.1. ಕ್ರೌನ್ ಕೆಳಗೆ ಮಾಡಿದರೆ 110 ಸೆಕೆಂಡ್ ಹಿಂದೆ, ಆಂಪ್ಲಿಟ್ಯೂಡ್ 165.

ಎರಡು ತೊಂದರೆ. ಟೈಮ್ ಸೆಟ್ ಮಾಡೋಕೆ ಕ್ರೌನ್ ಎಳೆದರೆ ಒಮ್ಮೊಮ್ಮೆ ಕಡ್ಡಿ ಸಮೇತ ಕೈಗೇ ಬರುತ್ತೆ. ಇನ್ನೊಂದು, ಡಯಲ್ ತೊಳೆದು, ಕೇಸಿಗೆ ಹೊಸ ಕ್ರೋಮ್ ಹಾಕಿಸಿ ‘ಹೊಸದು ಮಾಡಿಕೊಡ್ತೀನಿ’ ಅಂತಿದ್ದಾರೆ ಅಂಗಡಿಯವರು. ಮಾಡಿಸಲಾ?

ಹತ್ತುಪಟ್ಟು_ಲೂಪ್:

ಬೇಡ, ಎರಡೂ ಬೇಡ! ಡಯಲ್ ಮೇಲಿನ ಅಕ್ಷರ ಮೆರುಗೆಣ್ಣೆ ಥರದ ತೆಳು ಪದರದ ಮೇಲೆ ಕೂತಿರುತ್ತೆ. ಒದ್ದೆ ಹತ್ತಿ ತಾಗಿಸಿದರೆ 4ರ ಪಕ್ಕದ ಚುಕ್ಕೆ ಹಾಗೇ ಇರುತ್ತೆ, ‘ಜನತಾ’ ಅನ್ನೋ ಹೆಸರು ಹತ್ತಿಗೆ ಬರುತ್ತೆ. ಗಾಳಿ ಬುಗ್ಗೆಯಿಂದ ಧೂಳು ಊದಿಸಿ, ಅಷ್ಟು ಸಾಕು. ಕ್ರೋಮ್ ಹಾಕೋಕೆ ಮುಂಚೆ ಕೇಸನ್ನು ಉಜ್ಜಿ ನುಣುಪು ಮಾಡಲೇಬೇಕು. ಆಗ ಲಗ್‌ಗಳ ಚೂಪು ಏಣು ಕರಗಿ ಸೋಪಿನ ಬಿಲ್ಲೆ ಥರ ದುಂಡಗಾಗುತ್ತೆ. ಹಿತ್ತಾಳೆ ಕಂಡರೆ ಕಾಣಲಿ. ಹಸಿರು ಕಿಲುಬು ಕಟ್ಟಿದ್ದರೆ ಹಲ್ಲುಕಡ್ಡಿಯಿಂದ ಕೆರೆದು ಒಣ ಬ್ರಷ್ಷಲ್ಲಿ ಗುಡಿಸಿ, ಸಂಜೆ ವಾಚು ಬಿಚ್ಚಿದ ಮೇಲೆ ಬೆವರು ಒರೆಸಿಡಿ. ‘ಡಯಲ್ ತೊಳೆಯಬಾರದು, ಕೇಸು ಪಾಲಿಶ್ ಬೇಡ’ ಅಂತ ರಸೀದಿ ಮೇಲೆಯೇ ಬರೆಸಿಕೊಳ್ಳಿ.

ಗ್ಲಾಸು ನೀವೇ ಮಾಡಬಹುದು. ಇದು ಅಕ್ರಿಲಿಕ್, ಉಗುರಿಂದ ತಟ್ಟಿದರೆ ಪ್ಲಾಸ್ಟಿಕ್ಕಿನ ಮಂದ ಸದ್ದು ಬರಬೇಕು. ಸುತ್ತ ಕೇಸಿಗೆ ಟೇಪು ಸುತ್ತಿ. ಉಗುರಿಗೆ ಸಿಗುವ ಗೀರಿದ್ದರೆ 1000, 1500, 2000 ನಂಬರಿನ ನೀರು ಕಾಗದ (ಒದ್ದೆ ಮಾಡಿ ಉಜ್ಜೋ ಮರಳು ಕಾಗದ) ಕ್ರಮವಾಗಿ, ಪ್ರತಿ ಸಲ ಉಜ್ಜುವ ದಿಕ್ಕು ಬದಲಿಸಿ. ಕಾಗದಕ್ಕೆ ಬರೀ ತೇವ ಸಾಕು, ನೀರು ಅಂಚಿಗೆ ಇಳಿಯಬಾರದು. ಗ್ಲಾಸು ಪೂರ್ತಿ ಮಂಜಾಗುತ್ತೆ, ಹೆದರಬೇಡಿ. ಆಮೇಲೆ ಪಾಲಿವಾಚ್ ಅಥವಾ ಬ್ರಾಸೊ ಪಾಲಿಶ್ ಒಂದು ಹನಿ, ಹತ್ತಿ ಬಟ್ಟೆಯಲ್ಲಿ ಮೂರು ನಿಮಿಷ ಸುತ್ತು ಸುತ್ತು ಉಜ್ಜಿ. ಅಂಚಲ್ಲಿ ಬಿರುಕಿದ್ದರೆ ಮಾತ್ರ ಹೊಸದು ಹಾಕಿಸಿ, ಬಿರುಕು ಪಾಲಿಶ್‌ಗೆ ಹೋಗಲ್ಲ, ಅಲ್ಲಿಂದಲೇ ತೇವ ಒಳಗೆ ಹೋಗೋದು.

ಪೇಢಾ_ಪ್ಯಾಲೆಟ್:

ನಿಮ್ಮ ಅಂಕಿ ನೋಡಿದ್ರ ಮಷೀನು ಸತ್ತಿಲ್ರಿ, ಎಣ್ಣಿ ಒಣಗ್ಯದ. ಎರಡೂ ಭಂಗಿಯೊಳಗ ಆಂಪ್ಲಿಟ್ಯೂಡ್ ಕಡಿಮಿ, ನಿಲ್ಲಿಸಿದಾಗ ಇನ್ನೂ ಕಡಿಮಿ. ಜಂಗು ಇಲ್ಲ ಅಂದ ಮ್ಯಾಲ ಸರ್ವಿಸಿಗೆ ಸರಿ ಹೋಗಬೇಕು. 165 ತೋರಿಸಿ 2,400ನ್ನ 2,000ಕ್ಕ ಇಳಿಸ್ರಿ, ನ್ಯಾಯ ಅದ. ಮಿಕ್ಕಿದ್ರಾಗ ಸರ್ವಿಸಿಗೆ 1,000 ತಗದಿಡ್ರಿ.

‘ಸರ್ವಿಸ್’ ಅಂದ್ರ ಏನು ಅಂತ ಮೊದಲ ಕೇಳ್ರಿ. ಭಾಳ ಕಡೆ ಮಷೀನು ಇಡಿಯಾಗಿ ಪೆಟ್ರೋಲಿನ್ಯಾಗ ಅದ್ದಿ, ಊದಿ, ಒಂದು ಹನಿ ಎಣ್ಣಿ ಬಿಟ್ಟು ಕೊಡ್ತಾರ. ಎರಡು ತಿಂಗಳು ಛಲೋ ಓಡ್ತದ. ಆಮ್ಯಾಲ ಕಲ್ಲಿನ ತೂತಿನ್ಯಾಗ ಉಳದ ಹೊಲಸು ಎಣ್ಣಿ ಜೋಡಿ ಸೇರಿ ಅರಗಾಗಿ ಗಾಲಿಯ ಮೊಳಿ ಸವೀತಾವ. ಪೂರ್ತಿ ಬಿಚ್ಚಬೇಕು, ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಳ್ಳೋ ಸ್ಪ್ರಿಂಗ್) ಡಬ್ಬಿಯನ್ನೂ ತಗೀಬೇಕು. ಸ್ಪ್ರಿಂಗ್ ಹೊರಗ ತಗದಾಗ ಎಸ್ ಆಕಾರಕ್ಕ ಬಿಚ್ಚಿಕೊಂಡ್ರ ಜೀವ ಅದ, ಸುರುಳಿ ಹಂಗ ಮುದ್ದಿಯಾಗಿ ಉಳದ್ರ ಬದಲಿಸ್ರಿ. ಬ್ಯಾಲೆನ್ಸಿಗೆ ತೆಳು ಎಣ್ಣಿ, ಕೀ ಕಡೆ ಹಲ್ಲಿಗೆ ಗ್ರೀಸು. ಹೇರ್‌ಸ್ಪ್ರಿಂಗಿಗೆ ಒಂದು ತೊಟ್ಟೂ ತಾಗಬಾರದು.

ಬೀಟ್ ಎರರ್ 2.1 ಇದ್ದದ್ದು ಸರ್ವಿಸ್ ಆದ ಮ್ಯಾಲ ನೋಡೂಣು. ಹೇರ್‌ಸ್ಪ್ರಿಂಗಿನ ತುದಿ ಹಿಡದ ಕೈ ತಿರುಗೂ ಹಂಗಿದ್ರ ಎರಡು ನಿಮಿಷದ ಕೆಲಸ. ತಿರುಗೂದಿಲ್ಲ ಅಂದ್ರ ಬ್ಯಾಲೆನ್ಸ್ ತಗದು ನಡುವಿನ ಕಾಲೆಟ್ (ಹೇರ್‌ಸ್ಪ್ರಿಂಗಿನ ಒಳತುದಿ ಹಿಡದ ಸಣ್ಣ ಬಳಿ) ತಿರುಗಿಸಬೇಕು, ಅಲ್ಲಿ ಕೈ ಜಾರಿದ್ರ ಸ್ಪ್ರಿಂಗ್ ಹೋತು. ವಾಚು ಕೀ ಕೊಟ್ಟ ಕೂಡಲೆ ತಾನಾ ಓಡಲಿಕ್ಕೆ ಹತ್ತಿದ್ರ 2 ಇದ್ರೂ ಇರ್ಲಿ, ಮುಟ್ಟಬ್ಯಾಡ್ರಿ.

ಕಡ್ಡಿ ಹೊರಗ ಬರೂದಕ್ಕ ಕಾರಣ ಸಣ್ಣದು. ಬೆನ್ನು ತಗದ್ರ ಕಡ್ಡಿ ಒಳಗ ಹೋಗೂ ಜಾಗದ ಬಾಜೂಕ ಒಂದು ಸಣ್ಣ ಸ್ಕ್ರೂ ಇರ್ತದ, ಕೆಲವು ಮಷೀನಿನ್ಯಾಗ ಅದರ ಬದಲಿ ಒತ್ತೂ ಗುಂಡಿ. ಸ್ಕ್ರೂ ಇದ್ರ ಕಡ್ಡಿ ಪೂರಾ ಒಳಗ ಒತ್ತಿ ಹಿಡದು ಅರ್ಧ ಸುತ್ತು ಬಿಗಿ ಮಾಡ್ರಿ. ಉಲ್ಟಾ ತಿರುಗಿಸಿ ಪೂರ್ತಿ ಬಿಚ್ಚಿದ್ರೋ, ಡಯಲ್ ಕೆಳಗಿನ ಲಿವರ್ ಕಳಚಿ ಬೀಳ್ತದ. ಆಮ್ಯಾಲ ಮುಳ್ಳು, ಡಯಲ್ ಎಲ್ಲಾ ತಗದಾ ಕೂಡಿಸಬೇಕು, ನಿಮ್ಮ ಹಳದಿ ಡಯಲ್ಲಿಗೆ ಆ ತ್ರಾಸು ಯಾಕ? ಬಿಗಿ ಮಾಡಿದ ಮ್ಯಾಲೂ ಬಂದ್ರ ಕಡ್ಡಿಯ ಮ್ಯಾಲಿನ ಕೊರಕಲು ಸವದದ, ಹೊಸ ಕಡ್ಡಿ ಹಾಕಸ್ರಿ.

ಗುಜರಿ_ಗಿರಾಕಿ:

ಬೆಲ್ಟು ಕೊಳ್ಳೋಕೆ ಮುಂಚೆ ಲಗ್‌ಗಳ ನಡುವಿನ ಜಾಗ ಸ್ಕೇಲಲ್ಲಿ ಅಳೆಯಿರಿ. ಸಾಮಾನ್ಯವಾಗಿ ಇದಕ್ಕೆ 18 ಮಿ.ಮೀ. ಬೆಲ್ಟು ಕೂರುತ್ತೆ. ದಪ್ಪ ಚರ್ಮದ್ದು ಬೇಡ, ಈ ಕೇಸು ಸಣ್ಣದು, ತೆಳು ಬೆಲ್ಟೇ ಒಪ್ಪೋದು. ಬೆಲ್ಟನ್ನು ಲಗ್‌ಗೆ ಹಿಡಿಸೋ ಹಳೇ ಸ್ಪ್ರಿಂಗ್ ಬಾರ್ ಎರಡೂ ಎಸೆದು ಹೊಸವು ಹಾಕಿ. ಲೇಪ ಹೋದ ಲಗ್‌ನ ತೂತು ಸವೆದು ಅಗಲ ಆಗಿರುತ್ತೆ, ಸಡಿಲ ಬಾರ್ ಒಂದಿನ ಬಸ್ಸಲ್ಲಿ ಕೈಕೊಡುತ್ತೆ.

ಬೆನ್ನಿನ ಮೇಲೆ ನೀರಿನ ಬಗ್ಗೆ ಏನೇ ಕೊರೆದಿರಲಿ, ಕೈ ತೊಳೆಯುವಾಗಲೂ ಬಿಚ್ಚಿಡಿ. ಮಳೆಗಾಲದಲ್ಲಿ ಗ್ಲಾಸಿನೊಳಗೆ ಮಂಜು ಕಂಡರೆ ಬಿಸಿಲಿಗೆ ಇಡಬೇಡಿ, ಆವಿ ಎದ್ದು ಡಯಲ್ ಮೇಲೇ ಕೂರುತ್ತೆ. ಕ್ರೌನ್ ಎಳೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ, ಅವತ್ತೇ ಬೆನ್ನು ತೆಗೆಸಿ.

ಕೀವಾಚು_ಮಂಜು:

2,100ಕ್ಕೆ ಒಪ್ಪಿಕೊಂಡರು. ಪೂರ್ತಿ ಬಿಚ್ಚಿ ಸರ್ವಿಸ್ ಮಾಡೋಕೆ 900 ಬೇರೆ. ರಸೀದಿಯಲ್ಲಿ ‘ಡಯಲ್ ಮುಟ್ಟುವುದಿಲ್ಲ, ಪಾಲಿಶ್ ಇಲ್ಲ’ ಅಂತ ಬರೆಸಿದೆ. ಮುಂದಿನ ಶನಿವಾರ ವಾಚು ಕೈಗೆ ಬರುತ್ತೆ, ಆ್ಯಪಿನ ಹೊಸ ಅಂಕಿ ಇಲ್ಲೇ ಹಾಕ್ತೀನಿ.